ಮುಳುಗಿದ ಹಡಗು ಆಮೇಲೆ, ಮೊದಲು ಮಲಗುವ ಹಡಗು

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ, ವಯಸ್ಸು 37. ಎರಡು ವರ್ಷದ ಹಿಂದೆ ಮುರುಡೇಶ್ವರದಲ್ಲಿ ಸ್ಕೂಬಾ ಡೈವಿಂಗ್‌ನ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಸಿದ್ದೇನೆ. ಅಲ್ಲಿನ ನೇತ್ರಾಣಿ ದ್ವೀಪದಲ್ಲಿ ಇದುವರೆಗೆ 14 ಡೈವ್ ಆಗಿವೆ. ನಾನು, ಮೂವರು ಗೆಳೆಯರು ಸೇರಿ ಮುಂದಿನ ಏಪ್ರಿಲ್‌ನಲ್ಲಿ ಈಜಿಪ್ಟಿಗೆ ಹೋಗಿ, ಒಂದು ವಾರ ಹಡಗಿನಲ್ಲೇ ಉಳಿದು ಥಿಸಲ್‌ಗಾರ್ಮ್ ಮೊದಲಾದ ಮುಳುಗಿದ ಹಡಗುಗಳನ್ನು ನೋಡಬೇಕೆಂದಿದ್ದೇವೆ. ಈಗಲೇ ಬುಕ್ ಮಾಡಬಹುದೇ? ನನ್ನ ಹೆಂಡತಿಗೆ ಈಜು ಬರುವುದಿಲ್ಲ, ಅವಳೂ ಬರಬಹುದೇ? ನಾವು ಸಸ್ಯಾಹಾರಿಗಳು. ಇನ್ನೊಂದು: ಲಿಂಗನಮಕ್ಕಿ ಹಿನ್ನೀರಿನಲ್ಲಿ ಹಳೇ ಅಣೆಕಟ್ಟು ಮುಳುಗಿದೆಯಲ್ಲ, ಅಭ್ಯಾಸಕ್ಕೆ ಅಲ್ಲೇ ಇಳಿಯಬಹುದೇ?

ಉತ್ತರ: ಮುಂದಿನ ಏಪ್ರಿಲ್ ಬೇಡ. ದಸರೆ ಹೊತ್ತಿಗೆ ಹೋಗಿ. ಅಷ್ಟರೊಳಗೆ ಮಾಡಬೇಕಾದ ಕೆಲಸ ಬೇಕಾದಷ್ಟಿದೆ.

ನಿಮ್ಮ ಓಪನ್ ವಾಟರ್ ಕಾರ್ಡು 18 ಮೀಟರ್‌ವರೆಗೆ. ಥಿಸಲ್‌ಗಾರ್ಮ್ ಕೂತಿರುವುದು ಸುಮಾರು 30 ಮೀಟರ್ ಆಳದ ಮರಳಿನ ಮೇಲೆ. ಅಡ್ವಾನ್ಸ್‌ಡ್ ಕೋರ್ಸ್ ಮಾಡಿಕೊಂಡರೆ ಕಾಗದದ ಮೇಲೆ 30 ಮೀಟರ್ ಸಿಗುತ್ತದೆ, ಸಿಲಿಂಡರಿನಲ್ಲಿ ಗಾಳಿ ಸಿಗಬೇಕಲ್ಲ? ಲೆಕ್ಕ ಹಾಕೋಣ. ಹೊಸಬರು ನೀರಿನ ಮೇಲ್ಮಟ್ಟದ ಲೆಕ್ಕದಲ್ಲಿ ನಿಮಿಷಕ್ಕೆ 20 ಲೀಟರ್ ಗಾಳಿ ಎಳೆಯುವುದು ಸಾಮಾನ್ಯ. 30 ಮೀಟರ್‌ನಲ್ಲಿ ಒತ್ತಡ ನಾಲ್ಕು ಪಟ್ಟು, ಹಾಗಾಗಿ ಅಲ್ಲಿ ನಿಮಿಷಕ್ಕೆ 80 ಲೀಟರ್ ಖರ್ಚು. 12 ಲೀಟರಿನ ಸಿಲಿಂಡರ್ 200 ಬಾರ್ ತುಂಬಿದ್ದರೆ ಒಳಗಿರುವುದು 2,400 ಲೀಟರ್. ಹಡಗಿನ ಒಳಗೆ ಹೋಗುವವರು ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಒಂದು ಭಾಗ ಆಪತ್ತಿಗೆ ಎಂದು ಇಡುತ್ತಾರೆ. ಅಂದರೆ ಹೋಗಲು 800 ಲೀಟರ್. ಹತ್ತು ನಿಮಿಷ. ಅದರಲ್ಲೇ ಕೆಳಗಿಳಿಯುವುದೂ ಸೇರಿತು. ಅಷ್ಟು ದೂರ ಹೋಗಿ, ಅಷ್ಟು ದುಡ್ಡು ಕೊಟ್ಟು, ಒಳಗಿನ ಲಾರಿಯ ಬೋನೆಟ್ ಕಾಣುತ್ತಿದ್ದ ಹಾಗೇ ವಾಪಸು ತಿರುಗುವುದು.

ನಿಮ್ಮ ಖರ್ಚು ನಿಜಕ್ಕೂ ಎಷ್ಟು ಎಂದು ಲಾಗ್‌ಬುಕ್ಕೇ ಹೇಳುತ್ತದೆ. ಒಂದು ಡೈವ್ ತೆಗೆದುಕೊಳ್ಳಿ: ಸರಾಸರಿ ಆಳ 15 ಮೀಟರ್, 40 ನಿಮಿಷ, ಗೇಜು 200ರಿಂದ 60ಕ್ಕೆ ಇಳಿದಿದೆ. 140 ಬಾರ್ ಇಂಟು 12 ಅಂದರೆ 1,680 ಲೀಟರ್. ನಿಮಿಷಕ್ಕೆ 42. 15 ಮೀಟರ್‌ನಲ್ಲಿ ಒತ್ತಡ ಎರಡೂವರೆ ಪಟ್ಟು, ಆದ್ದರಿಂದ ಮೇಲ್ಮಟ್ಟದ ಲೆಕ್ಕಕ್ಕೆ ಸುಮಾರು 17 ಲೀಟರ್. ಈ ಅಂಕಿಯನ್ನು ಪ್ರತಿ ಡೈವ್ ಆದಮೇಲೆ ಬರೆದಿಡಿ. ಎಷ್ಟು ಡೈವ್ ಆಗಿದೆ ಎನ್ನುವುದಕ್ಕಿಂತ ಇದು ಇಳಿಯುತ್ತಾ ಬಂದಿದೆಯೇ ಎನ್ನುವುದನ್ನೇ ನಾನು ಮೊದಲು ನೋಡುವುದು. ಮೈ ಕೈ ಸುಮ್ಮನಿರಿಸಲು ಕಲಿತವನಿಗೆ ಗಾಳಿ ತಾನಾಗಿ ಉಳಿಯುತ್ತದೆ. ಕೈ ಬೀಸುವವನಿಗೆ ಯಾವ ಸಿಲಿಂಡರೂ ಸಾಲದು.

ಹಾಗಾಗಿ ಕೊನೆಕೊಯ್ಲು ಮುಗಿದು ಅಡಿಕೆ ಒಣಗಿ ಮಂಡಿ ಸೇರಿದ ಮೇಲೆ, ಫೆಬ್ರುವರಿ ಮಾರ್ಚ್‌ನಲ್ಲಿ, ಮುರುಡೇಶ್ವರದಲ್ಲಿ ಅಡ್ವಾನ್ಸ್‌ಡ್ ಮತ್ತು ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ) ಎರಡೂ ಕೋರ್ಸ್ ಮುಗಿಸಿ. ನೈಟ್ರಾಕ್ಸ್ ಐಷಾರಾಮವಲ್ಲ. ಮಾಮೂಲು ಗಾಳಿಯಲ್ಲಿ 30 ಮೀಟರ್‌ನಲ್ಲಿ, ಮೈಯಲ್ಲಿ ಸಾರಜನಕ ಮಿತಿ ಮೀರದಂತೆ ಉಳಿಯಲು ನಿಮಗಿರುವ ಅವಕಾಶ ಸುಮಾರು 20 ನಿಮಿಷ. ಶೇ 32 ಆಮ್ಲಜನಕವಿರುವ ಮಿಶ್ರಣದಲ್ಲಿ ಅದು ಸುಮಾರು 30 ನಿಮಿಷಕ್ಕೆ ಏರುತ್ತದೆ. ಇವು ದಿನದ ಮೊದಲ ಡೈವಿನ ಅಂಕಿಗಳು. ದಿನಕ್ಕೆ ಮೂರು ನಾಲ್ಕು ಸಲ, ಆರು ದಿನ ಸತತ ಇಳಿದರೆ ಮೈಯಲ್ಲಿ ಸಾರಜನಕ ಉಳಿದುಕೊಳ್ಳುತ್ತಾ ಹೋಗುತ್ತದೆ, ಅವಕಾಶ ಕುಗ್ಗುತ್ತಾ ಬರುತ್ತದೆ. ಅದಕ್ಕೇ ಹೇಳಿದ್ದು. ಆದರೆ ಆ ಮಿಶ್ರಣದಲ್ಲಿ 33 ಮೀಟರ್ ದಾಟುವಂತಿಲ್ಲ, ಆಮ್ಲಜನಕವೇ ವಿಷವಾಗುತ್ತದೆ. ಪ್ರತಿ ಸಿಲಿಂಡರನ್ನೂ ನೀವೇ ಅಳೆದು ಸಹಿ ಹಾಕಬೇಕು. ಗೆಳೆಯ ಅಳೆದಿದ್ದಾನೆ ಎಂದು ಸಹಿ ಹಾಕಬೇಡಿ.

ಮಳೆಗಾಲದಲ್ಲಿ ನೇತ್ರಾಣಿ ಬಂದ್. ಆಗ ಶ್ರೀಲಂಕಾದ ಪೂರ್ವ ಕರಾವಳಿ ತೆರೆದಿರುತ್ತದೆ, ನಮ್ಮ ಮುಂಗಾರಿನ ಮರೆಯಲ್ಲಿ ಅಲ್ಲಿ ಸಮುದ್ರ ಶಾಂತ. ಅಡಿಕೆಗೆ ಮೊದಲ ಸಲದ ಕೊಳೆರೋಗದ ಔಷಧಿ ಹೊಡೆಸಿ, ಎರಡನೆಯದು ಹೊಡೆಯುವ ಮೊದಲು ನಿಮಗೆ ಒಂದಷ್ಟು ವಾರ ಸಿಗುತ್ತದಲ್ಲ, ಅದರಲ್ಲಿ ಒಂದು ವಾರ ತೆಗೆದು ಬೆಂಗಳೂರಿನಿಂದ ಕೊಲಂಬೊ, ಅಲ್ಲಿಂದ ಮಟ್ಟಕಳಪ್ಪುವಿಗೆ (ಬಟ್ಟಿಕಲೋವಾ) ಹೋಗಿ. 1942ರ ಏಪ್ರಿಲ್ 9ರಂದು ಜಪಾನಿ ವಿಮಾನಗಳು ಬ್ರಿಟಿಷರ ವಿಮಾನವಾಹಕ ಹಡಗು ಹರ್ಮಿಸ್ಸನ್ನು ಮುಳುಗಿಸಿದ್ದು ಆ ಊರಿನ ಎದುರಿನ ಕಡಲಲ್ಲಿ. 300ಕ್ಕೂ ಹೆಚ್ಚು ಜನ ಅದರಲ್ಲಿ ಸತ್ತರು. ಅದು 50 ಮೀಟರ್‌ಗೂ ಕೆಳಗಿದೆ, ನಿಮಗಲ್ಲ. ಅದೇ ದಿನ ಅದೇ ದಾಳಿಯಲ್ಲಿ ಮುಳುಗಿದ ಬ್ರಿಟಿಷ್ ಸಾರ್ಜೆಂಟ್ ಎಂಬ ತೈಲದ ಹಡಗು ಮಾತ್ರ ಸುಮಾರು 25 ಮೀಟರ್‌ನಲ್ಲಿ ಸಿಗುತ್ತದೆ. ದಡದಲ್ಲಿ ಉಳಿದು, ಸಣ್ಣ ದೋಣಿಯಲ್ಲಿ ಹೋಗಿ ಬರುವ ಡೈವ್. ಕಬ್ಬಿಣದ ಹಡಗೊಂದರ ಪಕ್ಕ ನಿಮ್ಮ ಉಸಿರು ಹೇಗಿರುತ್ತದೆ ಎಂದು ತಿಳಿಯಲು ಇದಕ್ಕಿಂತ ಅಗ್ಗದ ಪರೀಕ್ಷೆ ನಮ್ಮ ಕಡೆಯವರಿಗೆ ಇಲ್ಲ. ಅದು ಹಿಡಿಸದಿದ್ದರೆ ಈಜಿಪ್ಟಿನ ದುಡ್ಡು ಉಳಿಯಿತು.

ಇನ್ನು ನೀವು ಆರಿಸಿದ ಈಜಿಪ್ಟಿನ ಕೆಂಪು ಸಮುದ್ರ. ಆಯ್ಕೆ ಸರಿಯಾಗಿದೆ, ಮೊದಲ ಸಲಕ್ಕೆ ನಾನೂ ಅದನ್ನೇ ಹೇಳುತ್ತಿದ್ದೆ. ಮೈಕ್ರೊನೇಷಿಯದ ಚೂಕ್ ಲಗೂನ್ ಹೆಸರು ನಿಮ್ಮ ಗೆಳೆಯರು ಎತ್ತಬಹುದು. 1944ರ ಫೆಬ್ರುವರಿ 17, 18ರಂದು ಅಮೆರಿಕದ ನೌಕಾಪಡೆ ಅಲ್ಲಿ ಜಪಾನಿ ಹಡಗುಗಳ ಸಾಲನ್ನೇ ಮುಳುಗಿಸಿತು, ಹಡಗು ನೋಡುವವರಿಗೆ ಅದು ಕಾಶಿ. ಆದರೆ ಮಾಮೂಲು ದಾರಿ ಗುವಾಮ್ ಮೇಲೆ, ಗುವಾಮ್ ಅಮೆರಿಕದ ನೆಲ, ಅದಕ್ಕೆ ಅಮೆರಿಕದ ವೀಸಾ. ಖರ್ಚಂತೂ ಕೇಳಬೇಡಿ. ಸದ್ಯಕ್ಕೆ ಬಿಡಿ.

ಥಿಸಲ್‌ಗಾರ್ಮ್ 1940ರಲ್ಲಿ ನೀರಿಗಿಳಿದ ಬ್ರಿಟಿಷ್ ಸರಕು ಹಡಗು. 1941ರ ಅಕ್ಟೋಬರ್ 6ರ ನಸುಕಿಗೂ ಮೊದಲು ಜರ್ಮನಿಯ ಬಾಂಬರ್ ವಿಮಾನ ಅದನ್ನು ಹೊಡೆಯಿತು. ಸೈನ್ಯಕ್ಕೆ ಹೋಗುತ್ತಿದ್ದ ಸರಕು ಇವತ್ತಿಗೂ ಹೊಟ್ಟೆಯಲ್ಲೇ ಇದೆ: ಬೆಡ್‌ಫರ್ಡ್ ಲಾರಿಗಳು, ಅವುಗಳ ಬೆನ್ನ ಮೇಲೆ ಸಾಲಾಗಿ ನಿಲ್ಲಿಸಿದ ಬಿಎಸ್‌ಎ ಮೋಟಾರ್‌ಸೈಕಲ್‌ಗಳು, ರೈಫಲ್‌ಗಳು, ರಬ್ಬರ್ ಬೂಟುಗಳು. ಹಿಂಭಾಗದಲ್ಲಿದ್ದ ಮದ್ದುಗುಂಡು ಸಿಡಿದು ಹಡಗಿನ ಬೆನ್ನು ಮುರಿದಿದೆ, ಮೇಲಿದ್ದ ರೈಲು ಎಂಜಿನ್ ದೂರ ಹೋಗಿ ಮರಳಿನಲ್ಲಿ ಬಿದ್ದಿದೆ. ಹಡಗಿನಲ್ಲೇ ಉಳಿಯುವುದರ ನಿಜವಾದ ಲಾಭ ಗೊತ್ತಾಗುವುದು ಇಲ್ಲೇ. ಶರ್ಮ್ ಎಲ್ ಶೇಖ್‌ನಿಂದ ದಿನದ ದೋಣಿಗಳು ಬಂದು ಸೇರುವ ಹೊತ್ತಿಗೆ ಮುಳುಗಿದ ಹಡಗಿಗೆ ಇಳಿಯಲು ಕಟ್ಟಿದ ಹಗ್ಗದುದ್ದಕ್ಕೂ ಜಾತ್ರೆ. ನೀವು ಹಿಂದಿನ ರಾತ್ರಿಯೇ ಅಲ್ಲಿ ಲಂಗರು ಹಾಕಿದ್ದರೆ ಬೆಳಕು ಹರಿಯುತ್ತಿದ್ದಂತೆ ಇಳಿದು, ಅವರು ಬರುವ ಮೊದಲು ಮೇಲೆ ಬಂದು ತಿಂಡಿ ತಿನ್ನುತ್ತಿರುತ್ತೀರಿ. ಒಂದೇ ಎಚ್ಚರ: ಅಲ್ಲಿ ಸೆಳೆತ ಜೋರು. ಇಳಿಯುವಾಗಲೂ ಏರುವಾಗಲೂ ಹಗ್ಗ ಬಿಡಬೇಡಿ. ಬಿಟ್ಟುಹೋದರೆ ಮೇಲೆ ಹಾರಿಸಲು ಕಿತ್ತಳೆ ಬಣ್ಣದ ಉದ್ದನೆಯ ಸಿಗ್ನಲ್ ಬಲೂನು ಪ್ರತಿಯೊಬ್ಬರ ಬಳಿ ಇರಲಿ, ಅದನ್ನು ಹಾರಿಸುವುದನ್ನು ನೇತ್ರಾಣಿಯಲ್ಲೇ ಕಲಿತು ಹೋಗಿ.

ಒಳಗೆ ಹೋಗಬಹುದೇ? ಸರಕಿನ ಕೋಣೆಗಳು ಮೇಲಿನಿಂದ ತೆರೆದಿವೆ. ಹೊರಗಿನ ಬೆಳಕು ಕಾಣುತ್ತಿರುವಷ್ಟು ದೂರ, ಗೈಡ್ ಹಿಂದೆ, ಎರಡು ಟಾರ್ಚ್ ಇಟ್ಟುಕೊಂಡು ಹೋಗಿ. ಕಾರಿಡಾರು, ಎಂಜಿನ್ ಕೋಣೆ ಬೇಡ. ಕಾಲಿಗೆ ಹಾಕಿದ ಫಿನ್ನನ್ನು ಒಮ್ಮೆ ಜೋರಾಗಿ ಬಡಿದರೆ ಎಂಬತ್ತು ವರ್ಷದ ತುಕ್ಕು ಹೂಳು ಎದ್ದು ಕಣ್ಣೆದುರಿನ ಕೈ ಕಾಣುವುದಿಲ್ಲ. ಕಪ್ಪೆ ಒದೆಯುವಂತೆ ಕಾಲು ಮಡಚಿ ಒದೆಯುವ ಕ್ರಮವನ್ನು ಶಿವಮೊಗ್ಗದ ಯಾವುದಾದರೂ ಈಜುಕೊಳದಲ್ಲಿ ರೂಢಿ ಮಾಡಿಕೊಳ್ಳಿ. ಮತ್ತೆ, ಯಾವುದನ್ನೂ ಮುಟ್ಟಬೇಡಿ, ಒಂದು ಗುಂಡಿನ ಚಿಪ್ಪನ್ನೂ ಜೇಬಿಗೆ ಹಾಕಬೇಡಿ. ಒಂಬತ್ತು ಜನ ಸತ್ತ ಜಾಗ ಅದು, ಮ್ಯೂಸಿಯಂ ಅಂಗಡಿಯಲ್ಲ.

ಅದೇ ವಾರದಲ್ಲಿ ಅಬು ನುಹಾಸ್ ಎಂಬ ಬಂಡೆಸಾಲಿಗೂ ಕರೆದೊಯ್ಯುತ್ತಾರೆ. ಅಲ್ಲಿ ಒಂದರ ಪಕ್ಕ ಒಂದು ಹಡಗು ಬಿದ್ದಿವೆ. 1983ರ ಗಿಯಾನಿಸ್ ಡಿ ಫೋಟೊಗೆ ಚೆಂದ, ಕ್ರಿಸೂಲಾ ಕೆ ತುಂಬ ನೆಲಕ್ಕೆ ಹಾಸುವ ಟೈಲ್ಸ್. ನನಗೆ ಇಷ್ಟ ಮಾತ್ರ ಎಲ್ಲಕ್ಕಿಂತ ಹಳೆಯದು, ಕಾರ್ನಾಟಿಕ್. ಆಗ ಸೂಯೆಜ್ ಕಾಲುವೆ ಇನ್ನೂ ತೆರೆದಿರಲಿಲ್ಲ, ಇಂಗ್ಲೆಂಡಿನಿಂದ ಬಂದವರು ಅಲೆಕ್ಸಾಂಡ್ರಿಯಾದಲ್ಲಿ ಇಳಿದು, ನೆಲದ ಮೇಲೆ ಸೂಯೆಜ್ ತಲುಪಿ, ಮತ್ತೆ ಹಡಗು ಹತ್ತಿ ಮುಂಬೈಗೆ ಬರಬೇಕಿತ್ತು. ಅಂಥವರನ್ನು, ಭಾರತಕ್ಕೆ ಬರುತ್ತಿದ್ದ 40,000 ಪೌಂಡಿನ ಹಣವನ್ನು, ತಾಮ್ರದ ಹಾಳೆಗಳನ್ನು ಹೊತ್ತು 1869ರ ಸೆಪ್ಟೆಂಬರ್‌ನಲ್ಲಿ ಹೊರಟ ಈ ಹಡಗು ರಾತ್ರಿ ಒಂದು ಗಂಟೆ ದಾಟಿದ ಮೇಲೆ ಬಂಡೆಗೆ ಬಡಿಯಿತು. ತಕ್ಷಣ ಮುಳುಗಲಿಲ್ಲ. ಅದೇ ಕಂಪನಿಯ ಇನ್ನೊಂದು ಹಡಗು ಆ ದಾರಿಯಲ್ಲಿ ಬರುತ್ತದೆ ಎಂದು ಕ್ಯಾಪ್ಟನ್ ಯಾರನ್ನೂ ಇಳಿಸಲಿಲ್ಲ. ಪ್ರಯಾಣಿಕರು ಕೇಳಿಕೊಂಡರೂ ಬಿಡಲಿಲ್ಲ. ಇನ್ನೊಂದು ರಾತ್ರಿ ಹಡಗಿನಲ್ಲೇ ಕಳೆಯಿತು. ಮಾರನೆ ಬೆಳಿಗ್ಗೆ ಕಡೆಗೂ ದೋಣಿ ಇಳಿಸಲು ಶುರು ಮಾಡಿದಾಗ ಹಡಗು ಎರಡು ತುಂಡಾಯಿತು, 31 ಜನ ಹೋದರು. ಈಗ ಅದರ ಮರದ ಹಲಗೆಗಳೆಲ್ಲ ಕೊಳೆತು ಕಬ್ಬಿಣದ ಪಕ್ಕೆಲುಬು ಮಾತ್ರ ಉಳಿದಿದೆ, ನಡುವೆ ಗಾಜಿನ ಮೀನುಗಳ ಹಿಂಡು. 18ರಿಂದ 27 ಮೀಟರ್, ನಿಮಗೆ ಹೇಳಿ ಮಾಡಿಸಿದ್ದು.

ರೋಸಾಲಿ ಮೊಲ್ಲರ್ ಎಂಬ ಇನ್ನೊಂದು ಹೆಸರು ಕಾರ್ಯಕ್ರಮಪಟ್ಟಿಯಲ್ಲಿ ಕಂಡರೆ ಆ ಡೈವ್ ಬಿಟ್ಟುಬಿಡಿ. ಥಿಸಲ್‌ಗಾರ್ಮ್ ಹೋದ ಎರಡು ದಿನಕ್ಕೆ ಮುಳುಗಿದ ಕಲ್ಲಿದ್ದಲಿನ ಹಡಗು, ಡೆಕ್ಕೇ 30 ಮೀಟರ್‌ಗೂ ಕೆಳಗೆ. ಉಳಿದವರು ಇಳಿದರೂ ನೀವು ಮೇಲೆ ಕೂತು ಚಹಾ ಕುಡಿಯಿರಿ, ಅದರಲ್ಲಿ ನಾಚಿಕೆ ಏನಿಲ್ಲ.

ನಿಮ್ಮ ಪತ್ರದಲ್ಲಿ ಮುಳುಗಿದ ಹಡಗುಗಳ ಬಗ್ಗೆ ಇಷ್ಟೊಂದು ವಿಚಾರಿಸಿದ್ದೀರಿ, ಏಳು ರಾತ್ರಿ ನೀವು ಮಲಗುವ ಹಡಗಿನ ಬಗ್ಗೆ ಒಂದು ಮಾತೂ ಇಲ್ಲ. ನನಗೆ ಚಿಂತೆ ಅದರದ್ದೇ. 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಕ್ಯಾಲಿಫೋರ್ನಿಯದ ಕಾನ್ಸೆಪ್ಶನ್ ಎಂಬ ಡೈವ್ ಹಡಗಿಗೆ ಬೆಂಕಿ ಬಿತ್ತು. ಕೆಳಗಿನ ಕೋಣೆಯಲ್ಲಿ ಮಲಗಿದ್ದ 34 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಹೊರಬರಲು ದಾರಿ ಎರಡಿದ್ದವು, ಆದರೆ ಎರಡೂ ತೆರೆದುಕೊಳ್ಳುತ್ತಿದ್ದದ್ದು ಬೆಂಕಿ ಹತ್ತಿದ್ದ ಅದೇ ಕೋಣೆಗೆ. ರಾತ್ರಿ ಎದ್ದು ಸುತ್ತು ಹೊಡೆಯುವ ಕಾವಲುಗಾರ ಇರಲಿಲ್ಲ ಎಂಬುದನ್ನು ತನಿಖೆ ಎತ್ತಿ ಹೇಳಿತು. ಕೆಂಪು ಸಮುದ್ರದಲ್ಲೇ 2024ರ ನವೆಂಬರ್ 25ರ ನಸುಕಿನಲ್ಲಿ ಸೀ ಸ್ಟೋರಿ ಎಂಬ ಲೈವ್‌ಅಬೋರ್ಡ್, ಅಂದರೆ ಅಲ್ಲೇ ಉಳಿದು ಡೈವ್ ಮಾಡುವ ಹಡಗು, ಮಗುಚಿತು. 11 ಜನ ಸತ್ತರು ಅಥವಾ ಕಾಣೆಯಾದರು. ಎರಡೂ ಕಡೆ ಡೈವಿಂಗ್‌ನಲ್ಲಿ ಸತ್ತವರಿಲ್ಲ. ನಿದ್ದೆಯಲ್ಲಿದ್ದವರಿಗೇ ಆಪತ್ತು ಬಂದದ್ದು.

ಆದ್ದರಿಂದ ಹಣ ಕಟ್ಟುವ ಮೊದಲು ಇಮೇಲ್‌ನಲ್ಲಿ ನೇರವಾಗಿ ಕೇಳಿ. ರಾತ್ರಿ ಎಚ್ಚರವಿದ್ದು ಸುತ್ತುವವರು ಯಾರು, ಎಷ್ಟು ಹೊತ್ತಿಗೊಮ್ಮೆ? ಕೆಳಗಿನ ಕ್ಯಾಬಿನ್‌ನಿಂದ ಎರಡನೇ ದಾರಿ ಎಲ್ಲಿ ತೆರೆದುಕೊಳ್ಳುತ್ತದೆ? ಕ್ಯಾಮೆರಾ, ಟಾರ್ಚ್‌ಗಳ ಬ್ಯಾಟರಿ ಚಾರ್ಜ್ ಮಾಡುವುದು ಎಲ್ಲಿ, ರಾತ್ರಿಯೂ ಬಿಡುತ್ತಾರೆಯೇ? ಮೊದಲ ದಿನ ಲೈಫ್ ಜಾಕೆಟ್ ಹಾಕಿಸಿ ಅಭ್ಯಾಸ ಮಾಡಿಸುತ್ತಾರೆಯೇ? ತುರ್ತು ಆಮ್ಲಜನಕ ಎಷ್ಟು ಹೊತ್ತಿಗೆ ಸಾಕಾಗುವಷ್ಟಿದೆ? ಒಳ್ಳೆಯ ಹಡಗಿನವರು ಫೋಟೊ ಸಮೇತ ಉತ್ತರ ಕಳಿಸುತ್ತಾರೆ. "ಚಿಂತೆ ಮಾಡಬೇಡಿ, ಎಲ್ಲಾ ಇದೆ" ಎಂದಷ್ಟೇ ಬರೆದರೆ ಬೇರೆ ಹಡಗು ನೋಡಿ. ಕ್ಯಾಬಿನ್ ಆರಿಸುವಾಗ ಸಾವಿರಾರು ರೂಪಾಯಿ ಹೆಚ್ಚಾದರೂ ಮೇಲಿನ ಡೆಕ್ಕಿನದೇ ತೆಗೆದುಕೊಳ್ಳಿ. ಹಡಗು ಹತ್ತಿದ ಸಂಜೆ, ಊಟಕ್ಕೆ ಮೊದಲು, ನಿಮ್ಮ ಹಾಸಿಗೆಯಿಂದ ತೆರೆದ ಡೆಕ್‌ವರೆಗೆ ಎರಡೂ ದಾರಿಯಲ್ಲಿ ಒಮ್ಮೆ ನಡೆದು ನೋಡಿ, ತುರ್ತು ಬಾಗಿಲಿನ ಚಿಲಕ ಕೈಯಾರೆ ತೆಗೆದು ನೋಡಿ. ಅದಕ್ಕೆ ಬೀಗ ಹಾಕಿದ್ದರೆ ಅಥವಾ ಸಾಮಾನು ಒಟ್ಟಿದ್ದರೆ ಅಲ್ಲೇ ಜಗಳ ಮಾಡಿ. ಮಲೆನಾಡಿನವರಿಗೆ ದಾಕ್ಷಿಣ್ಯ ಜಾಸ್ತಿ, ಅದನ್ನು ಆ ವಾರ ಊರಲ್ಲೇ ಬಿಟ್ಟುಹೋಗಿ.

ಇನ್ನು ನಮ್ಮ ಕಡೆಯವರಷ್ಟೇ ಗಮನಿಸಬೇಕಾದ ಒಂದು ವಿಷಯ. ನೇತ್ರಾಣಿಯಲ್ಲಿ ಎರಡು ಡೈವ್ ಮಾಡಿ, ಮೀನು ಊಟದ ಹೋಟೆಲ್ ಪಕ್ಕದ ಸಸ್ಯಾಹಾರಿ ಹೋಟೆಲ್ ಹುಡುಕಿ ಉಂಡು, ಸಂಜೆಯೇ ಹೊನ್ನಾವರ, ಗೇರುಸೊಪ್ಪೆ, ಮಾವಿನಗುಂಡಿ ಮೇಲೆ ಕಾರು ಓಡಿಸಿಕೊಂಡು ಸಾಗರಕ್ಕೆ ಬರುವವರು ನೀವು ತಾನೆ? ನಿಮ್ಮ ಊರು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 2,000 ಅಡಿ ಮೇಲಿದೆ. ಡೈವ್ ಮಾಡಿದ ಮೇಲೆ ವಿಮಾನ ಹತ್ತುವ ಮೊದಲು ಕಾಯಬೇಕು ಎನ್ನುವ ಸಲಹೆ ಲೆಕ್ಕಕ್ಕೆ ಬರುವುದು ಸರಿಸುಮಾರು ಆ ಎತ್ತರದಿಂದಲೇ. ಘಾಟಿ ಹತ್ತಿದಂತೆ ಗಾಳಿಯ ಒತ್ತಡ ಶೇ 7ರಷ್ಟು ಇಳಿಯುತ್ತದೆ, ಮೈಯಲ್ಲಿ ಕರಗಿರುವ ಸಾರಜನಕ ಗುಳ್ಳೆಯಾಗಲು ಅದು ಸಹಾಯ ಮಾಡುತ್ತದೆ. ಆಳವಿಲ್ಲದ ಒಂದು ಡೈವಿಗೆ ಏನೂ ಆಗದೇ ಇರಬಹುದು. ಅಡ್ವಾನ್ಸ್‌ಡ್ ಕೋರ್ಸಿನಲ್ಲಿ 30 ಮೀಟರ್ ಇಳಿದ ದಿನ ಮಾತ್ರ ಮುರುಡೇಶ್ವರದಲ್ಲೇ ಉಳಿದು, ಮಾರನೆ ದಿನ ಮಧ್ಯಾಹ್ನ ಹೊರಡಿ. ಮರುದಿನವೇ ಕೊಡಚಾದ್ರಿ ಹತ್ತುವ ಕಾರ್ಯಕ್ರಮವಂತೂ ಬೇಡ. ಘಾಟಿಯಲ್ಲಿ ಕೀಲು ನೋವು, ಚರ್ಮದ ಮೇಲೆ ತುರಿಕೆ ಗುರುತು, ಕೈಕಾಲು ಜೋಮು ಶುರುವಾದರೆ ಮುಂದೆ ಹತ್ತಬೇಡಿ, ಕೆಳಗಿಳಿದು ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದನ್ನು ಮೊದಲು ಹೇಳಿ, ಆಮ್ಲಜನಕ ಕೇಳಿ. ಈಜಿಪ್ಟಿನಲ್ಲೂ ಕೊನೆಯ ಡೈವ್ ಮುಗಿದು 24 ಗಂಟೆ ಕಳೆಯದೆ ವಿಮಾನ ಹತ್ತಬೇಡಿ, ಟಿಕೆಟ್ ಆ ಲೆಕ್ಕದಲ್ಲೇ ತೆಗೆಯಿರಿ. ಹೋಗುವಾಗಲೂ ಒಂದು ದಿನ ಮುಂಚೆ ಹಡಗು ಹೊರಡುವ ಊರು ಹುರ್ಘಾದಾ ಸೇರಿಕೊಳ್ಳಿ, ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ.

ಖರ್ಚು: ಉತ್ತರ ಕೆಂಪು ಸಮುದ್ರದ ಒಂದು ವಾರ ಸಾಮಾನ್ಯವಾಗಿ ಸಾವಿರ ಯೂರೋದ ಆಸುಪಾಸಿನಿಂದ ಶುರು. ಸಮುದ್ರ ಉದ್ಯಾನದ ಶುಲ್ಕ, ಇಂಧನದ ಹೆಚ್ಚುವರಿ, ನೈಟ್ರಾಕ್ಸ್, ಬಾಡಿಗೆ ಸಲಕರಣೆ, ಸಿಬ್ಬಂದಿ ಭಕ್ಷೀಸು ಇವೆಲ್ಲ ಅದರಲ್ಲಿ ಸೇರಿದೆಯೇ ಎಂದು ಒಂದೊಂದಾಗಿ ಕೇಳಿ. ಮಾಮೂಲು ಪ್ರವಾಸ ವಿಮೆಯಲ್ಲಿ ಡೈವಿಂಗ್ ಬಹುತೇಕ ಇರುವುದಿಲ್ಲ, ಇದ್ದರೂ ಆಳದ ಮಿತಿ ಇರುತ್ತದೆ. ಡೈವಿಂಗ್‌ಗೆಂದೇ ಇರುವ ವಿಮೆ ಮಾಡಿಸಿ. ಸಾರಜನಕದ ಗುಳ್ಳೆ ಕರಗಿಸುವ ಒತ್ತಡದ ಕೋಣೆಯ ಚಿಕಿತ್ಸೆ ಒಂದು ಸಲ ಬೇಕಾದರೂ ತೋಟದ ಒಂದು ವರ್ಷದ ಆದಾಯ ಕರಗೀತು. ಸ್ವಂತಕ್ಕೆ ಕೊಳ್ಳುವುದಾದರೆ ಮೊದಲು ಡೈವ್ ಕಂಪ್ಯೂಟರ್, ಆಮೇಲೆ ಮಾಸ್ಕ್, ಉಳಿದದ್ದು ಬಾಡಿಗೆಗೆ ಇರಲಿ. ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲಿ, ಚೆಕ್‌ಇನ್ ಚೀಲದಲ್ಲಿ ಅಲ್ಲ. ಅಕ್ಟೋಬರ್ ನೀರು ಬೆಚ್ಚಗೇ ಇರುತ್ತದೆ, ಆದರೆ ದಿನಕ್ಕೆ ನಾಲ್ಕು ಸಲ ಇಳಿದರೆ ಯಾರಿಗಾದರೂ ಚಳಿ, 5 ಮಿಲಿಮೀಟರಿನ ಸೂಟ್ ಕೇಳಿ.

ಊಟಕ್ಕೆ ತೊಂದರೆ ಇಲ್ಲ. ಅನ್ನ, ರೊಟ್ಟಿ, ಅವರೆ ಜಾತಿಯ ಕಾಳಿನ ಫೂಲ್, ಎಳ್ಳಿನ ತಹೀನಿ, ಸಲಾಡ್ ದಿನಾ ಇರುತ್ತದೆ. ಮೀನು, ಕೋಳಿ, ಸಾರು ಯಾವುದೂ ಬೇಡ ಎಂದು ಮೊದಲೇ ಬರೆದು ತಿಳಿಸಿ. ಅಪ್ಪೆಮಿಡಿ ಒಂದು ಬಾಟಲಿ ಒಯ್ದರೆ ಮೂರನೇ ದಿನಕ್ಕೆ ಅಡುಗೆಯವನೂ ನಿಮ್ಮ ಸ್ನೇಹಿತ. ಕವಳ ಹಾಕುವ ಅಭ್ಯಾಸವಿದ್ದರೆ ಡೈವ್‌ಗೆ ಮೊದಲು ಬಾಯಿ ತೊಳೆದೇ ಉಸಿರೆಳೆಯುವ ರೆಗ್ಯುಲೇಟರ್ ಕಚ್ಚಿ, ಅಡಿಕೆ ಚೂರು ಗಂಟಲಿಗೆ ಹೋದರೆ 30 ಮೀಟರ್‌ನಲ್ಲಿ ಕೆಮ್ಮುವುದು ತಮಾಷೆಯಲ್ಲ. ಆಗುಂಬೆ ಘಾಟಿಯ ಬಸ್ಸಿನಲ್ಲಿ ವಾಂತಿಯಾಗುವವರು ನಿಮ್ಮ ನಾಲ್ವರಲ್ಲಿದ್ದರೆ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ, ನಿದ್ದೆ ಬರಿಸುವ ಮಾತ್ರೆ ನುಂಗಿ ನೀರಿಗಿಳಿಯಬಾರದು.

ನಿಮ್ಮ ಮನೆಯವರನ್ನು ಈ ಪ್ರವಾಸಕ್ಕೆ ಕರೆದೊಯ್ಯಬೇಡಿ. ಈಜು ಬಾರದವರು ನಡುಗಡಲಲ್ಲಿ ಒಂದು ವಾರ, ನೀವು ನೀರೊಳಗಿದ್ದಾಗಲೆಲ್ಲ ಒಬ್ಬರೇ, ಡೆಕ್ಕಿನ ಮೇಲೆ ಕೂತಿರಬೇಕು. ಅದಕ್ಕಿಂತ ಮುಂದೊಂದು ವರ್ಷ ಫಿಲಿಪ್ಪೀನ್ಸಿನ ಕೊರೊನ್‌ಗೆ ಇಬ್ಬರೂ ಹೋಗಿ. 1944ರ ಸೆಪ್ಟೆಂಬರ್ 24ರ ದಾಳಿಯಲ್ಲಿ ಮುಳುಗಿದ ಜಪಾನಿ ಹಡಗುಗಳು ಅಲ್ಲಿ ಊರಿನ ಹತ್ತಿರವೇ ಇವೆ, ದಿನದ ದೋಣಿಯಲ್ಲಿ ಹೋಗಿ ಮಧ್ಯಾಹ್ನ ವಾಪಸಾಗಬಹುದು. ಅಷ್ಟರಲ್ಲಿ ಅವರೂ ಈಜು ಕಲಿಯಲಿ.

ಲಿಂಗನಮಕ್ಕಿಯ ಪ್ರಶ್ನೆಗೆ ಉತ್ತರ: ಇಳಿಯಬೇಡಿ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು 1964ರಲ್ಲಿ ಹೊಸ ಜಲಾಶಯ ತುಂಬಿದಾಗ ಮುಳುಗಿತು, ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದರ ಸೈಫನ್‌ಗಳು ಹೊರಗೆ ಕಾಣುವುದನ್ನು ನೀವೂ ನೋಡಿರುತ್ತೀರಿ. ನೋಡಲು ಆಸೆಯಾಗುವುದು ಸಹಜ. ಆದರೆ ಅದು ವಿದ್ಯುತ್ ನಿಗಮದ ಜಲಾಶಯ, ಅನುಮತಿಯಿಲ್ಲದೆ ಇಳಿಯುವಂತಿಲ್ಲ. ಕೆಳಗೆ ನಿಂತಲ್ಲೇ ಸತ್ತ ಮರಗಳು, ಅವುಗಳಿಗೆ ಸಿಕ್ಕಿಕೊಂಡ ಮೀನಿನ ಬಲೆಗಳು, ಕೆಸರು ನೀರಿನಲ್ಲಿ ಗೇಜೂ ಕಾಣದ ಕತ್ತಲೆ. ತುಂಬಿದಾಗ ನೀರಿನ ಮಟ್ಟವೇ 1,819 ಅಡಿ, ಹಾಗಾಗಿ ನೀವು ಕಲಿತ ಸಮುದ್ರಮಟ್ಟದ ಡೈವ್ ಸಮಯದ ಕೋಷ್ಟಕ ಅಲ್ಲಿಗೆ ಹೊಂದುವುದಿಲ್ಲ. ಮುಳುಗಲೆಂದು ಸಿಹಿನೀರಿನಲ್ಲಿ ಕಟ್ಟಿಕೊಂಡ ತೂಕ ಉಪ್ಪುನೀರಿಗೆ ಸಾಲುವುದೂ ಇಲ್ಲ, ಸಮುದ್ರದಲ್ಲಿ ಎರಡು ಮೂರು ಕಿಲೊ ಹೆಚ್ಚು ಬೇಕಾಗುತ್ತದೆ. ಹೊನ್ನೆಮರಡುವಿನಲ್ಲಿ ದೋಣಿ ಹುಟ್ಟು ಹಾಕಿ, ಭುಜಕ್ಕೆ ಒಳ್ಳೆಯದು.

ಅಡ್ವಾನ್ಸ್‌ಡ್ ಮುಗಿದ ಮೇಲೆ ಲಾಗ್‌ಬುಕ್ಕಿನ ಕೊನೆಯ ಐದು ಡೈವುಗಳ ಗಾಳಿ ಲೆಕ್ಕ, ಹಡಗಿನವರು ಕಳಿಸಿದ ಉತ್ತರ ಎರಡನ್ನೂ ಕಳಿಸಿ. ಹಣ ಕಟ್ಟುವುದು ಅದಾದ ಮೇಲೆ.